ಬರೆದವರನ್ನು ಕೇಳುವ ಬಗೆ



ಕನ್ನಡದಲ್ಲಿ ‘ಕೇಳು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಟ್ಟು ಆಲಿಸುವುದೂ ಕೇಳುವುದೇ. ಈ ಎರಡು ಕ್ರಿಯೆಗಳು ಒಂದೇ ಪದದಲ್ಲಿ ನೆಲೆಸಿರುವುದು ಎಷ್ಟು ಅರ್ಥಪೂರ್ಣವೆಂಬುದು ಲೇಖಕರೊಂದಿಗೆ ನಡೆದ ಮಾತುಕತೆಗಳನ್ನು ಓದುವಾಗ ಮನದಟ್ಟಾಗುತ್ತದೆ. ಪ್ರಶ್ನಿಸಲು ಬಲ್ಲವರು ಅನೇಕರಿದ್ದಾರೆ. ಆಲಿಸಲು ಬಲ್ಲವರು ವಿರಳ. ಲೇಖಕರ ಬದುಕು ಬರಹಗಳನ್ನು ಕುರಿತ ಮಾತುಕತೆಯೂ ಒಂದು ಸಾಹಿತ್ಯ ಪ್ರಕಾರವೆಂದು ಒಪ್ಪುವುದಾದರೆ, ಅದರ ಬೆಲೆಯನ್ನು ನಿರ್ಧರಿಸುವವರು ಉತ್ತರಿಸುವವರಿಗಿಂತ ಹೆಚ್ಚಾಗಿ ಎದುರು ಕುಳಿತು ಕೇಳುವವರೇ ಎಂಬುದು ಈ ಬರಹದ ಅಭಿಪ್ರಾಯ.

ತೋಡಾರು, ಮಿಜಾರು ಪರಿಸರದ ಕುಟುಂಬಗಳಿಗೆ ಸಾಹಿತಿಗಳು ಅಪರಿಚಿತರಲ್ಲ. ಮಂಗಳೂರಿನಿಂದ ಮೂಡುಬಿದಿರೆಗೆ ಸಾಗುವ ಹೆದ್ದಾರಿ ತೋಡಾರನ್ನು ಹಾದೇ ಹೋಗುತ್ತದೆ. 2003ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ ಜರಗಿತು. ಮರುವರ್ಷ, 2004ರಲ್ಲಿ ಆರಂಭವಾದ ಆಳ್ವಾಸ್ ನುಡಿಸಿರಿ ಅನೇಕ ವರ್ಷ ನಾಡಿನ ಬರಹಗಾರರನ್ನು ಇದೇ ದಾರಿಯಲ್ಲಿ ಕರೆತಂದಿತು. ಆದರೆ ವೇದಿಕೆಯ ಮೇಲೆ ಶಾಲು ಹಾರಗಳ ನಡುವೆ ಕಾಣುವ ಲೇಖಕರೇ ಬೇರೆ, ಬಿಡುವಿನಲ್ಲಿ ಎದುರು ಕುಳಿತು ಮಾತನಾಡಿಸಿದಾಗ ಕಾಣುವ ಲೇಖಕರೇ ಬೇರೆ. ಮೊದಲನೆಯವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಎರಡನೆಯವರ ಪರಿಚಯ ನಮಗೆಷ್ಟಿದೆ?

ಭಾನುವಾರದ ಪುರವಣಿಗಳಲ್ಲಿ, ಸಂಘಸಂಸ್ಥೆಗಳ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗಳಲ್ಲಿ ಬರುವ ಸಂದರ್ಶನಗಳನ್ನು ತಾವು ಗಮನಿಸಿರಬಹುದು. ಬರೆಯಲು ಪ್ರೇರಣೆ ಯಾರಿಂದ? ಈವರೆಗೆ ಎಷ್ಟು ಕೃತಿಗಳು ಪ್ರಕಟವಾಗಿವೆ? ಯಾವ ಪ್ರಶಸ್ತಿಗಳು ಸಂದಿವೆ? ಇಂದಿನ ಯುವಜನರಿಗೆ ತಮ್ಮ ಸಂದೇಶವೇನು? ಈ ಪ್ರಶ್ನೆಗಳಲ್ಲಿ ಅಗೌರವವೇನೂ ಇಲ್ಲ. ಆದರೆ ಇಂತಹ ಒಂದು ಸಂದರ್ಶನದಿಂದ ಲೇಖಕರ ಹೆಸರನ್ನು ತೆಗೆದು ಇನ್ನೊಬ್ಬರ ಹೆಸರನ್ನು ಸೇರಿಸಿ ನೋಡಿ. ಹೆಚ್ಚಿನ ವ್ಯತ್ಯಾಸ ಕಾಣದು. ಎಲ್ಲರಿಗೂ ಹೊಂದುವ ಅಂಗಿ ಯಾರೊಬ್ಬರ ಮೈಗೂ ಸರಿಯಾಗಿ ಕೂರುವುದಿಲ್ಲ. ಪುಸ್ತಕವನ್ನು ಓದದೆಯೂ ಕೇಳಬಹುದಾದ ಪ್ರಶ್ನೆಗೆ ಪುಸ್ತಕವನ್ನು ಬರೆಯದೆಯೂ ಕೊಡಬಹುದಾದ ಉತ್ತರವೇ ದೊರೆಯುತ್ತದೆ.

ಇದಕ್ಕೆ ಪ್ರತಿಯಾಗಿ ನಮ್ಮ ಕರಾವಳಿಯಲ್ಲೇ ಒಂದು ಉತ್ತಮ ಮಾದರಿ ಬೆಳೆದುಬಂದಿದೆ. ಕುಂದಾಪುರದಲ್ಲಿ ಜನಿಸಿದ ಕಥೆಗಾರ್ತಿ ವೈದೇಹಿಯವರು ಹಿರಿಯರ ಮಾತುಗಳನ್ನು ಕೇಳಿ, ಬರೆದುಕೊಂಡು, ಅವನ್ನು ಪುಸ್ತಕರೂಪಕ್ಕೆ ತಂದವರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಕಲಿಸಿದ, ಛಂದಸ್ಸಿನ ಮಹಾವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರನ್ನು ಕುರಿತ ‘ಸೇಡಿಯಾಪು ನೆನಪುಗಳು’ 1996ರಲ್ಲಿ ಹೊರಬಂದಿತು. ಭಟ್ಟರು ತೀರಿಕೊಂಡದ್ದೂ ಅದೇ ವರ್ಷ. ಬಂಟ್ವಾಳ ತಾಲೂಕಿನ ಮಂಚಿಯವರಾದ ರಂಗಕರ್ಮಿ ಬಿ. ವಿ. ಕಾರಂತರ ಆತ್ಮಕಥೆ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಧಾರವಾಡದ ಮನೋಹರ ಗ್ರಂಥಮಾಲೆಯಿಂದ 2003ರಲ್ಲಿ ಪ್ರಕಟವಾಯಿತು. ಹೇಳಿದವರು ಕಾರಂತರು, ನಿರೂಪಿಸಿದವರು ವೈದೇಹಿ. ಕಾರಂತರು ನಿಧನರಾದದ್ದು 2002ರ ಸೆಪ್ಟೆಂಬರಿನಲ್ಲಿ. ಈ ವರ್ಷಗಳನ್ನು ಜೊತೆಗಿಟ್ಟು ನೋಡಿದರೆ, ಸಕಾಲದಲ್ಲಿ ಒಬ್ಬರು ಕೇಳಲು ಕುಳಿತದ್ದರಿಂದಲೇ ನಮಗೆ ಏನು ಉಳಿಯಿತೆಂಬುದು ತಿಳಿಯುತ್ತದೆ.

ಕಾರಂತರ ಬದುಕಿನ ಹೊರರೇಖೆಗಳು ಯಾವ ಪರಿಚಯ ಗ್ರಂಥದಲ್ಲಾದರೂ ಸಿಗುತ್ತವೆ: ಬಾಲ್ಯದಲ್ಲಿ ಮನೆಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪೆನಿ ಸೇರಿದ್ದು, ವೀರಣ್ಣನವರು ಅವರನ್ನು ಕಾಶಿಗೆ ಓದಲು ಕಳುಹಿಸಿದ್ದು, ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದದ್ದು, ಭೋಪಾಲದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ. ಪಟ್ಟಿಯಾಗಿ ಓದಿದರೆ ಇದು ಯಶಸ್ಸಿನ ಏಣಿಯಂತೆ ತೋರುತ್ತದೆ. ಅದೇ ಬದುಕಿಗೆ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಎಂಬ ಹೆಸರನ್ನಿಟ್ಟೊಡನೆ ಏಣಿ ಮರೆಯಾಗಿ, ನೆಲೆ ಕಾಣದ ಒಂದು ಜೀವ ಎದುರು ನಿಲ್ಲುತ್ತದೆ. ಪಟ್ಟಿಯಿಂದ ಜೀವದ ಕಡೆಗೆ ಸಾಗುವ ಈ ಪಯಣವೇ ಒಳ್ಳೆಯ ಮಾತುಕತೆಯ ಸಾರ್ಥಕತೆ. ವೈದೇಹಿಯವರು ಸ್ವತಃ ಕಥೆಗಾರ್ತಿ. ಅಡುಗೆಮನೆ, ಹಿತ್ತಿಲುಗಳಲ್ಲಿ ನಡೆಯುವ ಮಾತಿಗೆ ಸಾಹಿತ್ಯದಲ್ಲಿ ಸ್ಥಾನ ಕೊಟ್ಟವರು. ಸಣ್ಣ ಸಂಗತಿಯನ್ನು ಸಣ್ಣದೆಂದು ತಳ್ಳಿಹಾಕದ ಈ ಗುಣವೇ ಅವರನ್ನು ಈ ಕೆಲಸಕ್ಕೆ ಅಣಿಗೊಳಿಸಿತೆಂದು ತೋರುತ್ತದೆ.

ಆದರೂ ಒಂದು ಆಕ್ಷೇಪವನ್ನು ಇಲ್ಲಿ ದಾಖಲಿಸಬೇಕಾಗಿದೆ. ಇಂತಹ ನಿರೂಪಣೆಗಳಲ್ಲಿ ಕೇಳಿದವರ ಪ್ರಶ್ನೆಗಳು ಪುಟದಿಂದ ಮಾಯವಾಗುತ್ತವೆ. ಹೇಳಿದವರ ‘ನಾನು’ ಮಾತ್ರ ಉಳಿಯುತ್ತದೆ. ಯು. ಆರ್. ಅನಂತಮೂರ್ತಿಯವರು ಹೇಳಿ, ಜ. ನಾ. ತೇಜಶ್ರೀಯವರು ನಿರೂಪಿಸಿದ ‘ಸುರಗಿ’ಯೂ ಇದೇ ಬಗೆಯದು. ಇದರಿಂದ ಓದಿನ ಓಟಕ್ಕೆ ತಡೆಯಿಲ್ಲ, ದನಿ ಅಖಂಡವಾಗಿ ಕೇಳುತ್ತದೆ. ನಷ್ಟವೆಂದರೆ, ಯಾವ ಮಾತು ತಾನಾಗಿ ಬಂದಿತು, ಯಾವುದು ಕೆದಕಿ ಕೇಳಿದ್ದರಿಂದ ಬಂದಿತು, ಎಲ್ಲಿ ಲೇಖಕರು ಉತ್ತರಿಸದೆ ಮೌನವಾದರು ಎಂಬುದು ಓದುಗರಿಗೆ ತಿಳಿಯುವುದಿಲ್ಲ. ಮೌನವೂ ಉತ್ತರವೇ ಅಲ್ಲವೇ? ಕೆಲವು ಪ್ರಶ್ನೆಗಳನ್ನಾದರೂ ಹಾಗೆಯೇ ಉಳಿಸಿಕೊಂಡಿದ್ದರೆ, ಕೇಳಿದವರ ವಿನಯಕ್ಕೆ ಭಂಗ ಬಾರದೆ ಓದುಗರ ವಿವೇಚನೆಗೆ ನೆರವಾಗುತ್ತಿತ್ತು.

ಇನ್ನು, ನಮಗೆ ಹೆಚ್ಚು ಆಪ್ತರಾದ ಒಬ್ಬ ಲೇಖಕರತ್ತ ತಿರುಗೋಣ. ಮನೆಮಾತು ಕೊಂಕಣಿಯಾಗಿದ್ದರೂ ಕನ್ನಡದಲ್ಲಿ ಬರೆದ ಸಾಗರದ ನಾ. ಡಿಸೋಜ ಅವರು 2014ರಲ್ಲಿ ಮಡಿಕೇರಿಯ 80ನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರೆಂಬುದು ಅನೇಕರಿಗೆ ನೆನಪಿರಬಹುದು. ಅವರ ‘ದ್ವೀಪ’ ಗಿರೀಶ್ ಕಾಸರವಳ್ಳಿಯವರ ಕೈಯಲ್ಲಿ ಚಲನಚಿತ್ರವಾಗಿ ರಾಷ್ಟ್ರಪ್ರಶಸ್ತಿ ಪಡೆಯಿತು. ಇವೆಲ್ಲ ಪುರವಣಿಯ ಪ್ರಶ್ನೆಗಳಿಗೆ ದೊರೆಯುವ ಉತ್ತರಗಳು. ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದರು. ಶರಾವತಿ ಯೋಜನೆಯ ಪರಿಸರದಲ್ಲಿ ಕೆಲಸ ಮಾಡಿದರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ನೀರು ಏರಿದಂತೆ ಗದ್ದೆ, ಮನೆ, ದೈವದೇವರ ಗುಡಿಗಳನ್ನು ಬಿಟ್ಟು ಜನ ಗುಳೆ ಹೊರಟರು. ಅಣೆಕಟ್ಟು ಕಟ್ಟಿದ ಸರಕಾರದ ಕಚೇರಿಯಲ್ಲೇ ಕುಳಿತು ದುಡಿಯುತ್ತಿದ್ದವರು, ಅದರಿಂದ ಮುಳುಗಿದವರ ಕಥೆಯನ್ನು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಬರೆದರು. ಹಗಲು ಕಂಡ ಕಡತಕ್ಕೂ ಇರುಳು ಬರೆದ ಕಾದಂಬರಿಗೂ ನಡುವೆ ಅವರ ಮನಸ್ಸು ಹೇಗೆ ಓಡಾಡಿತು? ಪುಸ್ತಕವನ್ನು ಓದಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು.

ಅವರದೇ ಇನ್ನೊಂದು ಕಾದಂಬರಿಯ ಹೆಸರು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’. ಈ ಶೀರ್ಷಿಕೆಯನ್ನು ಕಂಡೊಡನೆ ನಮ್ಮ ಯಾವುದೇ ಧರ್ಮಕೇಂದ್ರದ ಸದಸ್ಯರಿಗೆ ತಮ್ಮ ವಾರ್ಡಿನ ಮನೆಗಳು ನೆನಪಾಗದಿರವು. ಮನೆಯೊಳಗೆ ಕೊಂಕಣಿಯಲ್ಲಿ ನಡೆಯುವ ಜಗಳ, ಪ್ರಾರ್ಥನೆ, ಮದುವೆಯ ಮಾತುಕತೆಗಳನ್ನು ಕನ್ನಡದ ಓದುಗರಿಗೆ ದಾಟಿಸುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ? ಇದನ್ನು ಕೇಳಲು ನಮಗಿಂತ ಅರ್ಹರು ಇನ್ನಾರಿದ್ದರು? ನಾ. ಡಿಸೋಜ ಅವರು 2025ರ ಜನವರಿ 5ರಂದು ಮಂಗಳೂರಿನಲ್ಲಿ ನಿಧನರಾದರು.

ಶಿವರಾಮ ಕಾರಂತರ ‘ಚೋಮನ ದುಡಿ’ಯ ವಿಚಾರವೂ ಹೀಗೆಯೇ. ಉಳಲು ತುಂಡು ಭೂಮಿ ಸಿಗದ ಚೋಮ, ಮತಾಂತರವಾದರೆ ಭೂಮಿ ಸಿಗಬಹುದೆಂದು ಯೋಚಿಸುತ್ತಾನೆ. ಪಂಜುರ್ಲಿಯ ಮೇಲಿನ ಭಕ್ತಿ ಅವನನ್ನು ತಡೆಯುತ್ತದೆ. ಮಗ ಗುರುವ ಕ್ರೈಸ್ತ ಹುಡುಗಿಯೊಬ್ಬಳ ಜೊತೆ ಹೊರಟುಹೋಗುತ್ತಾನೆ. 1933ರ ಈ ಕಾದಂಬರಿ ನಮ್ಮ ಜಿಲ್ಲೆಯ ಕ್ರೈಸ್ತ ಓದುಗರ ಮುಂದೆ ಇರಿಸುವ ಪ್ರಶ್ನೆ ಸುಲಭದ್ದಲ್ಲ: ನಮ್ಮ ಬಾಗಿಲಿಗೆ ಬಂದವನಿಗೆ ಬೇಕಾಗಿದ್ದುದು ಏನು, ದೊರೆಯುತ್ತಿದ್ದುದು ಏನು? ದಶಕಗಳ ಕಾಲ ಪುತ್ತೂರಿನಲ್ಲಿ ಬಾಳಿದ ಲೇಖಕರ ಎದುರು ಇಡಬಹುದಾಗಿದ್ದ ಪ್ರಶ್ನೆ ಅದು. ಅವರು 1997ರಲ್ಲಿ ತೀರಿಕೊಂಡರು. ಕಾದಂಬರಿ ಮಾತ್ರ ನಮ್ಮನ್ನು ಇಂದಿಗೂ ಕೇಳುತ್ತಲೇ ಇದೆ.

ಒಳ್ಳೆಯ ಮಾತುಕತೆಯಲ್ಲಿ ಒಂದು ಚಿಕ್ಕ ವಿವರ ಎಷ್ಟು ಬೆಳಕು ಚೆಲ್ಲಬಲ್ಲದೆಂಬುದಕ್ಕೆ ಈಚಿನ ಉದಾಹರಣೆಯೊಂದು ಸಾಕು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥಾಸಂಕಲನ ‘ಹಾರ್ಟ್ ಲ್ಯಾಂಪ್’, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಮಿಷನರಿ ಶಾಲೆಗೆ ಸೇರುವಾಗ, ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತು ಅವರಿಗೆ ವಿಧಿಸಲ್ಪಟ್ಟಿತ್ತು. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು. ಪ್ರಶಸ್ತಿಯ ಮೊತ್ತಕ್ಕಿಂತ ಈ ಒಂದು ಸಂಗತಿ ಹೆಚ್ಚು ಬೆಲೆಯುಳ್ಳದ್ದು. ಉರ್ದು ಮನೆಮಾತಿನ ಮಗುವೊಂದು ಕನ್ನಡದ ಕಥೆಗಾರ್ತಿಯಾದದ್ದರ ಹಿಂದೆ ಒಂದು ಶಾಲೆಯ ಷರತ್ತೂ ಒಂದು ಮಗುವಿನ ಛಲವೂ ಇದ್ದವು. ಇಂತಹ ಸಂಗತಿ ಕೃತಿಯ ಒಳಗೆ ಕಾಣಸಿಗದು. ಕೇಳಿದರೆ ಮಾತ್ರ ತಿಳಿಯುತ್ತದೆ.

ಹಾಗೆಂದು ಲೇಖಕರ ಮಾತೇ ಅಂತಿಮವೆಂದು ಭಾವಿಸಬೇಕಾಗಿಲ್ಲ. ನೆನಪು ತನಗೆ ಅನುಕೂಲವಾದುದನ್ನು ಮೊದಲು ಹೇಳುತ್ತದೆ. ಬರೆಯುವಾಗ ಇಲ್ಲದಿದ್ದ ಉದ್ದೇಶವೊಂದು ಎಷ್ಟೋ ವರ್ಷಗಳ ಮೇಲೆ ಪ್ರಾಮಾಣಿಕವಾಗಿಯೇ ಹುಟ್ಟಿಕೊಳ್ಳಬಹುದು. ಲೇಖಕರು ತಮ್ಮ ಕೃತಿಗೆ ಸಾಕ್ಷಿಗಳು. ತೀರ್ಪು ಹೇಳಬೇಕಾದವರು ಓದುಗರು. ಒಂದು ಮಾತುಕತೆಯನ್ನು ಓದಿ ಮುಗಿಸಿದೊಡನೆ ಆ ಲೇಖಕರ ಪುಸ್ತಕವನ್ನು ಹುಡುಕಬೇಕೆನಿಸಿದರೆ ಅದು ಗೆದ್ದಿತು. ಇನ್ನು ಪುಸ್ತಕವೇ ಬೇಡ, ಎಲ್ಲವೂ ತಿಳಿಯಿತು ಎನಿಸಿದರೆ ಸೋತಿತು.

ಸಾರಾ ಅಬೂಬಕ್ಕರ್ 2023ರಲ್ಲಿ, ಕಮಲಾ ಹಂಪನಾ 2024ರಲ್ಲಿ, ನಾ. ಡಿಸೋಜ 2025ರಲ್ಲಿ ನಮ್ಮನ್ನಗಲಿದರು. ಒಂದು ತಲೆಮಾರು ಸದ್ದಿಲ್ಲದೆ ಎದ್ದು ಹೋಗುತ್ತಿದೆ. ನಮ್ಮ ಧರ್ಮಕೇಂದ್ರಗಳಲ್ಲೂ ಕವಿತೆ, ನಾಟಕ, ಕೀರ್ತನೆಗಳನ್ನು ಬರೆದು ಟ್ರಂಕಿನಲ್ಲಿಟ್ಟಿರುವ ಹಿರಿಯ ಶಿಕ್ಷಕರು, ಉಪದೇಶಿಗಳು, ತಾಯಂದಿರು ಇರಬಹುದು. ಅವರಿಗೆ ಶಾಲು ಹೊದಿಸುವ ದಿನ ಬಂದಾಗ ಬರಲಿ. ಅದಕ್ಕೆ ಮೊದಲು ಅವರು ಬರೆದುದನ್ನು ಮನೆಯ ಮಕ್ಕಳು ಒಮ್ಮೆ ಓದಲಿ; ಓದಿದ ಮೇಲೆ ಒಂದು ನೋಟುಬುಕ್ಕು ಹಿಡಿದು ಅವರ ಬಳಿ ಕೂರಲಿ. “ಈ ಸಾಲನ್ನು ಬರೆದಾಗ ನಿಮ್ಮೆದುರು ಯಾರಿದ್ದರು, ಅಜ್ಜಿ?” ಎಂದು ಕೇಳಲಿ. ಆಮೇಲೆ ಸುಮ್ಮನಿದ್ದು ಕೇಳಲಿ.