ಪುಪ್ಪುಸಾಭಿಧಮನಿಯ ಲಕ್ಷಣವಿಮರ್ಶೆ

ಹೃದಯದಿಂದ ರಕ್ತವನ್ನು ಹೊರಗೊಯ್ಯುವ ನಾಳವನ್ನು ಅಪಧಮನಿಯೆಂದೂ, ಹೃದಯಕ್ಕೆ ಮರಳಿ ತರುವ ನಾಳವನ್ನು ಅಭಿಧಮನಿಯೆಂದೂ ಕನ್ನಡದ ಶಾಸ್ತ್ರಗ್ರಂಥಗಳಲ್ಲಿ ಕರೆಯುವ ರೂಢಿಯುಂಟು. ಇವಕ್ಕೆ ಪರ್ಯಾಯವೆಂಬಂತೆ ಶುದ್ಧರಕ್ತನಾಳ, ಮಲಿನರಕ್ತನಾಳ ಎಂಬ ಹೆಸರುಗಳೂ ಬಳಕೆಗೊಂಡಿವೆ. ಈ ಎರಡು ಜೋಡಿಗಳು ನಿಜವಾಗಿ ಸಮಾನಾರ್ಥಕಗಳೇ ಎಂಬುದು ಪ್ರಕೃತ ವಿಚಾರಣೀಯವಾಗಿದೆ.

ಮಲಿನರಕ್ತವನ್ನು ವಹಿಸುವುದೇ ಅಭಿಧಮನಿಯ ಲಕ್ಷಣವೆಂದರೆ ಎರಡು ದೋಷಗಳು ಒದಗುತ್ತವೆ. ಪುಪ್ಪುಸಗಳಿಂದ ಎಡ ಹೃತ್ಕರ್ಣಕ್ಕೆ ಬರುವ ಅಭಿಧಮನಿಗಳಲ್ಲಿ ಹರಿಯುವುದು ಪ್ರಾಣವಾಯುವನ್ನು ಪಡೆದ ಕೆಂಪು ರಕ್ತ. ಅಲ್ಲಿ ಲಕ್ಷಣವು ಸಲ್ಲದಿರುವುದರಿಂದ ಅವ್ಯಾಪ್ತಿ. ಹೃದಯದಿಂದ ಪುಪ್ಪುಸಗಳಿಗೆ ಹೋಗುವ ಅಪಧಮನಿಯಲ್ಲಿ ಆ ವಾಯುವನ್ನು ಕಳೆದುಕೊಂಡ ರಕ್ತವಿರುವುದರಿಂದ ಅಲ್ಲಿ ಅತಿವ್ಯಾಪ್ತಿ. ಗರ್ಭಸ್ಥ ಶಿಶುವಿನ ಹೊಕ್ಕುಳಬಳ್ಳಿಯ ಅಭಿಧಮನಿಯೂ ಶುದ್ಧರಕ್ತವನ್ನೇ ತರುತ್ತದೆ. ‘ಅಭಿ’ ಎಂದರೆ ಕಡೆಗೆ, ‘ಅಪ’ ಎಂದರೆ ದೂರಕ್ಕೆ. ದಿಕ್ಕನ್ನು ಹೇಳುವ ಈ ಹೆಸರುಗಳು ಎಲ್ಲೆಡೆಯೂ ನಿರ್ದುಷ್ಟವಾಗಿ ಸಲ್ಲುತ್ತವೆ. ಅಪಕೀರ್ತಿಯಲ್ಲಿರುವಂತೆ ‘ಅಪ’ವು ನಿಂದಾರ್ಥಕವಲ್ಲವೇ ಎಂದರೆ, ಅಪಗಮನ, ಅಪಸರಣಗಳಲ್ಲಿ ಅದು ದೂರಾರ್ಥಕವೂ ಆಗಿರುವುದರಿಂದ ಬಾಧೆಯಿಲ್ಲ.

ಅಮರಕೋಶವು ನಾಡೀ, ಧಮನಿ, ಸಿರಾ ಶಬ್ದಗಳನ್ನು ಪರ್ಯಾಯಗಳಾಗಿ ಹೇಳುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನದ 9ನೆಯ ಅಧ್ಯಾಯವಾದರೋ ಸಿರಾಧಮನಿಗಳ ಅಭೇದವನ್ನು ಪೂರ್ವಪಕ್ಷವಾಗಿ ಎತ್ತಿ ನಿರಾಕರಿಸಿದೆ. ಆದರೆ ಅಲ್ಲಿಯ 24 ಧಮನಿಗಳೂ 700 ಸಿರೆಗಳೂ ನಾಭಿಮೂಲಗಳು. 1628ರಲ್ಲಿ ಹಾರ್ವೆ ಪಂಡಿತನು ನಿರೂಪಿಸಿದ ರಕ್ತಪರಿಚಲನೆಯನ್ನು ಅವುಗಳಲ್ಲಿ ಆರೋಪಿಸುವುದು ಯುಕ್ತವಲ್ಲ.

ಇನ್ನು ಸಂಖ್ಯೆಯ ವಿಚಾರ. ಬಲದಿಂದ ಎರಡು, ಎಡದಿಂದ ಎರಡು, ಹೀಗೆ ಪುಪ್ಪುಸಾಭಿಧಮನಿಗಳು ನಾಲ್ಕೆಂದು ಪಾಠ. ಬಹುಜನರಲ್ಲಿ ಹೀಗಿರುವುದು ನಿಜ. ಆದರೆ ಕೆಲವರಲ್ಲಿ ಎಡಗಡೆಯ ಎರಡೂ ಕೂಡಿ ಒಂದೇ ಕಾಂಡವಾಗಿ ಹೃದಯವನ್ನು ಸೇರುತ್ತವೆ. ಕೆಲವರಲ್ಲಿ ಬಲ ಪುಪ್ಪುಸದ ನಡುವಿನ ಹಾಲೆಯ ನಾಳವು ಪ್ರತ್ಯೇಕವಾಗಿ ಬಂದು ಮೂರನೆಯದಾಗುತ್ತದೆ. ವಿರಳವಾಗಿ ಒಂದು ನಾಳವು ಎಡ ಹೃತ್ಕರ್ಣವನ್ನು ಬಿಟ್ಟು ಬಲ ಹೃತ್ಕರ್ಣವನ್ನೋ ಮೇಲಿನ ಮಹಾ ಅಭಿಧಮನಿಯನ್ನೋ ಸೇರುವುದುಂಟು. ಆದುದರಿಂದ ನಾಲ್ಕೆಂಬುದು ದೇವದತ್ತನ ಮನೆಯ ಮೇಲೆ ಕುಳಿತ ಕಾಗೆಯಂತೆ ಕೇವಲ ಗುರುತು. ಕಾಗೆ ಹಾರಿದರೂ ಮನೆ ಅವನದೇ. ಪುಪ್ಪುಸದಲ್ಲಿ ಹುಟ್ಟಿ ಹೃದಯದ ಕಡೆಗೆ ರಕ್ತವನ್ನು ತರುವುದೇ ಸರಿಯಾದ ಲಕ್ಷಣ.

ಇದು ಶುಷ್ಕತರ್ಕವಲ್ಲ. ಪುಪ್ಪುಸದ ಒಂದು ಹಾಲೆಯನ್ನು ತೆಗೆಯುವ ಶಸ್ತ್ರವೈದ್ಯನು ಎಡಗಡೆಯ ಏಕಕಾಂಡವನ್ನು ಆ ಹಾಲೆಯ ನಾಳವೆಂದೇ ಬಗೆದು ಕಟ್ಟಿದರೆ, ಉಳಿಯಬೇಕಾದ ಹಾಲೆಯ ರಕ್ತಕ್ಕೂ ದಾರಿ ಮುಚ್ಚುತ್ತದೆ. ಹೃತ್ಕರ್ಣಕಂಪನವೆಂಬ ರೋಗದ ಪ್ರಚೋದನೆಯು ಅನೇಕರಲ್ಲಿ ಈ ಅಭಿಧಮನಿಗಳೊಳಗಿಂದಲೇ ಹೊರಡುವುದೆಂದು ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು 1998ರಲ್ಲಿ ತೋರಿಸಿದ ಮೇಲಂತೂ, ಚಿಕಿತ್ಸೆಗೆ ಮೊದಲು ಇವುಗಳ ವಿನ್ಯಾಸವನ್ನು ಅರಿಯುವುದು ಆವಶ್ಯಕವಾಗಿದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಆಡುನುಡಿಯಲ್ಲಿ ರಕ್ತನಾಳಕ್ಕೂ ಜ್ಞಾನತಂತುವಿಗೂ ‘ನರ’ವೆಂಬ ಶಬ್ದವೊಂದೇ. ಅದು ಲೋಕವ್ಯವಹಾರ, ದೋಷವಲ್ಲ. ಆದರೆ ಮಗುವಿನ ‘ನರ’ವು ತಪ್ಪು ಗೂಡಿಗೆ ಸೇರಿದೆಯೆಂದು ಕೇಳಿದ ತಂದೆತಾಯಿಗಳು ಅದನ್ನು ನರರೋಗವೆಂದು ತಿಳಿಯಲು ಅವಕಾಶವಿದೆ, ‘ಮಲಿನರಕ್ತನಾಳ’ವೆಂದರೆ ರಕ್ತವೇ ಕೆಟ್ಟಿತೆಂದು ಹೆದರಲೂ ಅವಕಾಶವಿದೆ. ‘ಪುಪ್ಪುಸದಿಂದ ಗುಂಡಿಗೆಗೆ ರಕ್ತ ತರುವ ನಾಳ’ ಎಂದರೆ ಈ ಎರಡು ಭ್ರಾಂತಿಗಳೂ ನೀಗುತ್ತವೆ. ಶಾಸ್ತ್ರದಲ್ಲಿ ಅಭಿಧಮನಿ, ಜನರೊಡನೆ ಈ ವಿವರಣೆ, ಇವೆರಡೇ ಗ್ರಾಹ್ಯ. ಶುದ್ಧಮಲಿನವೆಂಬ ವಿಭಾಗವು ಪಾಠಪುಸ್ತಕಗಳಿಂದ ತ್ಯಾಜ್ಯ.