ಕೂತದ್ದು, ಕೂರಿಸಿದ್ದು, ಸೆಟ್ ಆದದ್ದು

ಉಡುಪಿಯ ಬನ್ನಂಜೆಯಲ್ಲಿರುವ ನಮ್ಮ ಮನೆಯ ಮೇಲೊಂದು ಸಣ್ಣ ಕೋಣೆಗೆ ಕಳೆದ ವಾರ ಸ್ಲಾಬ್ ಹಾಕಿಸಿದೆವು. ಕತ್ತಲಾಗುವ ಹೊತ್ತಿಗೆ ಮೇಸ್ತ್ರಿ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಹೆಬ್ಬೆರಳು ಒತ್ತಿ ನೋಡಿದರು. ಗುರುತು ಬಿತ್ತು.

"ಸೆಟ್ ಆಗ್ಲಿಲ್ಲ ಮಾರಾಯ್ರೆ. ಬೆಳಿಗ್ಗೆ ಬಂದು ನೀರು ಕಟ್ಟುವ."

"ಒಣಗ್ಬೇಕಲ್ಲ, ನೀರು ಯಾಕೆ?" ಎಂದೆ.

"ಒಣಗುವುದಲ್ಲ, ಸೆಟ್ ಆಗುವುದು. ಒಣಗಿದ್ರೆ ಬಿರುಕು ಬಿಡ್ತದೆ."

ಅವರು ಹೇಳಿದ್ದು ಅಕ್ಷರಶಃ ಸರಿ. ಸಿಮೆಂಟು ನೀರನ್ನು ಬಿಟ್ಟು ಗಟ್ಟಿಯಾಗುವುದಿಲ್ಲ, ನೀರಿನೊಡನೆ ಬೆರೆತು ಬೇರೆಯೇ ವಸ್ತುವಾಗಿ ಗಟ್ಟಿಯಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟು ಕಲಸಿದ 30 ನಿಮಿಷದೊಳಗೆ ಸೆಟ್ ಆಗತೊಡಗಬಾರದು, 600 ನಿಮಿಷ ಮೀರುವ ಮೊದಲು ಪೂರ್ತಿ ಸೆಟ್ ಆಗಿರಬೇಕು. ತೀರ ಬೇಗ ಆಗದಿರಲೆಂದೇ ಅದಕ್ಕೆ ಜಿಪ್ಸಮ್ ಸೇರಿಸಿರುತ್ತಾರೆ. ಇಷ್ಟೂ ವಿಷಯವನ್ನು ಮೇಸ್ತ್ರಿ ಒಂದೇ ಮಾತಿನಲ್ಲಿ ಹಿಡಿದಿದ್ದರು. ಒಣಗು ಎಂದರೆ ತಪ್ಪು, ಹೆಪ್ಪುಗಟ್ಟು ಎಂದರೆ ಹಾಲು ನೆನಪಾಗುತ್ತದೆ. ಆ ತೆರವಿಗೆ ಸರಿಯಾಗಿ ಬಂದು ನಿಂತ ಪದ ಸೆಟ್.

ಇಂಗ್ಲಿಷಿನಲ್ಲಿ ಈ ಮೂರಕ್ಷರದ ಪದದ ಹರಹು ದೊಡ್ಡದು. 1989ರಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಅದರದೇ. 430ರಷ್ಟು ಅರ್ಥಗಳು, ವಿವರಣೆಯೇ ಸುಮಾರು 60,000 ಪದ. ಈಚಿನ ಪರಿಷ್ಕರಣೆಯಲ್ಲಿ ‘ರನ್’ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದಿಕ್ಕಿದೆ. ನಮ್ಮ ಉಡುಪಿಯವರಿಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ವಿಷ್ಣುಸಹಸ್ರನಾಮದ ಒಂದೊಂದು ಹೆಸರಿಗೂ ನೂರು ಅರ್ಥ ಎಂದ ಮಧ್ವಾಚಾರ್ಯರು ಇಲ್ಲೇ ಹತ್ತಿರದ ಪಾಜಕದವರು. ಮೊದಲ ನಾಮವಾದ ‘ವಿಶ್ವ’ಕ್ಕೆ ಅವರು ಅರ್ಥ ಹೇಳತೊಡಗಿದಾಗ ಕೇಳುತ್ತಿದ್ದವರು ನೆನಪಿಟ್ಟುಕೊಳ್ಳಲಾರದೆ ಸೋತದ್ದನ್ನು ಸುಮಧ್ವವಿಜಯ ಹೇಳುತ್ತದೆ. ಪದವನ್ನು ಬಿಡಿಸಿ ಬಿಡಿಸಿ ನೋಡುವ ಆ ಸುಖವನ್ನು ನಮ್ಮ ಕಾಲಕ್ಕೆ ಕನ್ನಡದಲ್ಲಿ ಹಂಚಿದವರು ಬನ್ನಂಜೆ ಗೋವಿಂದಾಚಾರ್ಯರು. ಈ ಊರಿನ ಹೆಸರು ಹೊರಗಿನವರಿಗೆ ಗೊತ್ತಿರುವುದೇ ಅವರಿಂದ.

ಇಂಗ್ಲಿಷಿನ ಸೆಟ್ ನಿಜಕ್ಕೂ ಎರಡು ಪದ. ‘ಗುಂಪು’ ಎನ್ನುವುದು ಲ್ಯಾಟಿನ್‌ನಿಂದ ಫ್ರೆಂಚ್ ಮೂಲಕ ಬಂದದ್ದು. ‘ಇಡು’ ಎನ್ನುವುದು ಹಳೆಯ ಇಂಗ್ಲಿಷಿನದೇ, ‘ಸಿಟ್’ ಎಂಬುದರ ಪ್ರೇರಣಾರ್ಥಕ ರೂಪ. ಅಂದರೆ ಕೂರು, ಕೂರಿಸು. ಉಚ್ಚಾರ ಒಂದೇ ಆದದ್ದರಿಂದ ಎರಡೂ ಬೆರೆತುಹೋದವು.

ನಾವು ಮೊದಲು ಒಳಗೆ ಬಿಟ್ಟುಕೊಂಡದ್ದು ಗುಂಪಿನ ಸೆಟ್ಟನ್ನು ಎಂದು ನನಗೆ ತೋರುತ್ತದೆ. ನಮ್ಮ ‘ಜೋಡಿ’, ‘ಜೊತೆ’ ಎರಡಕ್ಕೆ ನಿಂತುಬಿಡುತ್ತವೆ. ಮೂರು ದೋಸೆ ಒಂದರ ಮೇಲೊಂದು ಬಂದರೆ ಸೆಟ್ ದೋಸೆಯೇ ಆಗಬೇಕು. ತೋಟದಲ್ಲಿ ಪಂಪ್‌ಸೆಟ್, ಮದುವೆಗೆ ಚಿನ್ನದ ಸೆಟ್, ಅಜ್ಜಿಗೆ ಹಲ್ಲಿನ ಸೆಟ್. ಒಂದಕ್ಕೊಂದು ಹೊಂದುವ ವಸ್ತುಗಳ ಈ ಅರ್ಥದಿಂದ ಕನ್ನಡ ತಾನೇ ಒಂದು ಹೊಸ ಟೊಂಗೆ ಒಡೆಯಿತು: "ಈ ಸೀರೆ ನಿಂಗೆ ಸೆಟ್ ಆಗ್ತದೆ", "ಅತ್ತೆ ಸೊಸೆಗೆ ಸೆಟ್ ಆಗುದಿಲ್ಲ". ಇಂಗ್ಲಿಷಿನವರು ಹೀಗೆ ಹೇಳುವುದಿಲ್ಲ. ಈ ಅರ್ಥ ನಮ್ಮದು.

ನನಗೆ ಎಲ್ಲಕ್ಕಿಂತ ಇಷ್ಟ ‘ಸೆಟ್ಟೇರು’. ಸಿನಿಮಾ ಪತ್ರಕರ್ತರ ಕೈಯಲ್ಲಿ ಪಳಗಿದ ಪದ ಇದು. ಸೆಟ್ಟಿಗೊಂದು ಉಕಾರ ಸೇರಿಸಿ, ಸೆಟ್ಟು ಮತ್ತು ಏರು ಕೂಡಿಸಿ, ಲೋಪಸಂಧಿ ಮಾಡಿ, ‘ರಂಗವೇರು’, ‘ಪಟ್ಟವೇರು’ಗಳ ಸಾಲಿನಲ್ಲಿ ನಿಲ್ಲಿಸಿದರು. ಪರದೇಶದ ಪದ ಕನ್ನಡದ ವ್ಯಾಕರಣಕ್ಕೆ ಇಷ್ಟು ಚೆಂದವಾಗಿ ಬಗ್ಗಿದ್ದನ್ನು ನಾನು ಹೆಚ್ಚು ಕಂಡಿಲ್ಲ.

ಆದರೆ ‘ಕೂರಿಸು’ ಗಟ್ಟಿಯಾಗಿ ಬೇರುಬಿಟ್ಟ ಕಡೆ ಸೆಟ್‌ಗೆ ಜಾಗ ಸಿಕ್ಕಿರಲಿಲ್ಲ. ಮುರಿದ ಎಲುಬನ್ನು ಕೂರಿಸುತ್ತೇವೆ, ಬಾಗಿಲಿನ ದಾರಂದ ಕೂರಿಸುತ್ತೇವೆ, ಚೌತಿಗೆ ಗಣಪತಿಯನ್ನು ಕೂರಿಸುತ್ತೇವೆ. ರಥಬೀದಿಯ ಹತ್ತಿರ ಒಬ್ಬ ಹಿರಿಯ ಅಕ್ಕಸಾಲಿಗರು ಉಂಗುರಕ್ಕೆ ಹವಳ ಕೂರಿಸುವುದನ್ನು ನೋಡುತ್ತ ನಿಂತಿದ್ದೆ. ಉಂಗುರದ ಮನೆಯೊಳಗೆ ಹವಳವನ್ನಿಟ್ಟು, ಸುತ್ತಲಿನ ಚಿನ್ನದ ಅಂಚನ್ನು ಚೂರುಚೂರೇ ಅದರ ಮೇಲೆ ಮಗುಚುತ್ತ ಬಂದರು. ಕೊನೆಗೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು "ಕೂತಿತು" ಅಂದರು. ಪಕ್ಕದ ಅಂಗಡಿಯ ಹುಡುಗ ಅದೇ ಕೆಲಸಕ್ಕೆ ‘ಸ್ಟೋನ್ ಸೆಟ್ಟಿಂಗ್’ ಎನ್ನುತ್ತಾನೆ. ಇದು ನನಗೆ ನೋವಿನ ಸಂಗತಿ. ಸಿಮೆಂಟಿಗೆ ಸೆಟ್ ಬೇಕಿತ್ತು, ಹವಳಕ್ಕೆ ಬೇಕಿರಲಿಲ್ಲ. ಇದ್ದ ಪದವನ್ನು ಎಬ್ಬಿಸಿ ಅದೇ ಮಣೆಯ ಮೇಲೆ ಇನ್ನೊಂದನ್ನು ಕೂರಿಸಿದಂತಾಯಿತು.

ಇನ್ನೊಂದು ನಂಟು ಹೇಳಬೇಕು. ಸಿಟ್, ಸೆಟ್‌ಗಳ ಮೂಲಧಾತುವೂ ಸಂಸ್ಕೃತದ ‘ಸದ್’ ಧಾತುವೂ ಒಂದೇ ಬಳ್ಳಿಯವು. ಸದನ, ಪರಿಷತ್ತು, ಸಂಸತ್ತು, ಉಪನಿಷತ್ತು ಎಲ್ಲವೂ ಕೂರುವುದರಿಂದಲೇ ಹುಟ್ಟಿದವು. ‘ಪ್ರಸನ್ನ’ವೂ ಹಾಗೆಯೇ. ಮುಖಕ್ಕೂ ದೇವರಿಗೂ ಹೇಳುವ ಆ ಮಾತನ್ನು ನಿರ್ಮಲವಾದ ನೀರಿಗೂ ಹೇಳುತ್ತಾರೆ.

ಸ್ಲಾಬಿಗೆ ಕಟ್ಟಲು ಮರುದಿನ ಬೆಳಿಗ್ಗೆ ಬಾವಿಯಿಂದ ತುಂಬ ನೀರೆತ್ತಿದೆವು. ತಳದ ಮಣ್ಣು ಎದ್ದು ಬಾವಿ ಕೆಂಪಾಯಿತು. ಮಧ್ಯಾಹ್ನದ ಅಡುಗೆಗೆ ಈ ನೀರಾಗದು ಎಂದು ಅಮ್ಮ ಕಾದರು. ಸಂಜೆ ಬಗ್ಗಿ ನೋಡಿದಾಗ ಕೆಳಗಿನ ಕಲ್ಲಿನ ಸಾಲು ಕಾಣುತ್ತಿತ್ತು. "ಮಣ್ಣು ಕೂತಿದೆ, ತಿಳಿಯಾಯ್ತು ನೋಡು" ಎಂದು ಅಮ್ಮ ಕೊಡಪಾನ ಇಳಿಸಿದರು. ತಿಳಿ ಎಂಬ ಪದಕ್ಕೆ ಕನ್ನಡದಲ್ಲಿ ಎಷ್ಟು ಅರ್ಥ ಎಂದು ಅಲ್ಲಿಯೇ ನಿಂತು ಎಣಿಸತೊಡಗಿದೆ.