ಕಲ್ಯಾಣದ ಕೂಟಕ್ಕೆ ಬೇಕಾದದ್ದೇನು?

ಹತ್ತು ಮಂದಿ ಸೇರಿ ಒಂದು ಕೂಟವನ್ನು ಕಟ್ಟಿಕೊಂಡರೆ, ಮೊದಲ ಕೆಲವು ತಿಂಗಳುಗಳ ಉತ್ಸಾಹ ಇಳಿದ ಮೇಲೆ, ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ನಮ್ಮಲ್ಲಿ ಇನ್ನೂ ಏನು ಹೆಚ್ಚಬೇಕು? ಒಬ್ಬರು ಸದಸ್ಯರ ಸಂಖ್ಯೆ ಹೆಚ್ಚಬೇಕೆನ್ನುತ್ತಾರೆ. ಇನ್ನೊಬ್ಬರು ಸ್ವಂತ ಕಟ್ಟಡ ಬೇಕೆನ್ನುತ್ತಾರೆ. ಮತ್ತೊಬ್ಬರಿಗೆ ಭಾಷಣ ಕಡಮೆಯಾಗಿ ಉಪಾಹಾರ ಹೆಚ್ಚಾದರೆ ಸಾಕು. ನಮ್ಮ ಊರುಗಳ ವಾಚನಾಲಯ, ಭಜನಾಮಂಡಲಿ, ಸಾಹಿತ್ಯಸಂಘಗಳ ವಾರ್ಷಿಕ ಸಭೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಟು ನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ನೆರೆದಿದ್ದ ಒಂದು ಕೂಟದ ವಿಷಯದಲ್ಲಿ ಮಾತ್ರ ಈ ಪ್ರಶ್ನೆಗೆ ಉತ್ತರ ಹೇಳುವ ಗ್ರಂಥವೊಂದು ಕನ್ನಡಕ್ಕೆ ದೊರೆತಿದೆ. ಅದು ಶೂನ್ಯಸಂಪಾದನೆ. ಅದನ್ನು ತತ್ತ್ವಗ್ರಂಥವೆಂದು ಓದುವವರು ಬಹಳ ಮಂದಿ. ಷಟ್ಸ್ಥಲದ ನಿರೂಪಣೆಗಾಗಿ ಅದನ್ನು ಬಗೆದು ನೋಡಿದ ಪಂಡಿತರೂ ಇದ್ದಾರೆ. ಒಂದು ಕೂಟದ ಬೇಕುಬೇಡಗಳ ಕಡತವೆಂದು ಅದನ್ನು ಓದಿದವರು ವಿರಳ. ಹಾಗೆ ಓದಿದರೆ ಗ್ರಂಥದ ಕೆಲವು ಭಾಗಗಳು ಹೊಸ ಬೆಳಕಿನಲ್ಲಿ ಕಾಣುತ್ತವೆ, ಕೆಲವು ಭಾಗಗಳು ಮಂಕಾಗುತ್ತವೆ ಎಂಬುದು ನನ್ನ ಅನುಭವ.

ಮೊದಲಿಗೇ ಒಂದು ಎಚ್ಚರಿಕೆ ಅವಶ್ಯ. ಇದು ಕೂಟದಲ್ಲಿ ಕುಳಿತವರೇ ಬರೆದಿಟ್ಟ ನಡಾವಳಿಯಲ್ಲ. ಬಸವಣ್ಣನವರ ಕಾಲ ಹನ್ನೆರಡನೆಯ ಶತಮಾನ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲನೆಯ ಶೂನ್ಯಸಂಪಾದನೆಯನ್ನು ಕಟ್ಟಿದ್ದು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಕಾಲಕ್ಕೆ. ಬಳಿಕ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಒಬ್ಬರಾದ ಮೇಲೊಬ್ಬರು ಅದನ್ನು ತಿದ್ದಿ ಬೆಳೆಸಿದರು. ಬೇರೆ ಬೇರೆ ಶರಣರು ಬೇರೆ ಬೇರೆ ಸಂದರ್ಭದಲ್ಲಿ ಹೇಳಿದ ಸಾವಿರಕ್ಕೂ ಮಿಕ್ಕ ವಚನಗಳನ್ನು ಆರಿಸಿ, ನಡುವೆ ತಮ್ಮ ಗದ್ಯವನ್ನು ಹೊಲಿಗೆಯಾಗಿ ಹಾಕಿ, ಒಂದು ಮಹಾಸಂವಾದವನ್ನಾಗಿ ಮಾಡಿದ್ದು ಇವರ ಕೌಶಲ. ಅನುಭವ ಮಂಟಪವೆಂಬ ಹೆಸರಿನ ಒಂದು ಕಟ್ಟಡ ಇತ್ತೇ ಇಲ್ಲವೇ ಎಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ನಮ್ಮ ಇಂದಿನ ಮಾತಿಗೆ ಅದು ಬೇಕಾಗಿಯೂ ಇಲ್ಲ. ಕೂಡಿ ಮಾತನಾಡಿದ ಜನ ಇದ್ದರು, ಅವರ ಮಾತು ಉಳಿದಿದೆ. ಅಷ್ಟು ಸಾಕು.

ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನೇ ಮೊದಲು ತೆಗೆದುಕೊಳ್ಳೋಣ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲಿ ದಾಸೋಹ ನಡೆಸುವುದು ಅವನ ಹೆಂಡತಿ ಲಕ್ಕಮ್ಮನ ಕೆಲಸ. ಒಂದು ದಿನ ಮಾರಯ್ಯ ಕಾಯಕದ ಹಿರಿಮೆಯ ಮೇಲೆ ನಡೆಯುತ್ತಿದ್ದ ಚರ್ಚೆಯಲ್ಲಿ ಮೈಮರೆತು ಕಾಯಕವನ್ನೇ ಮರೆಯುತ್ತಾನೆ. (ಕಾಯಕದ ಮೇಲೆ ಭಾಷಣ ಕೇಳುತ್ತ ಕಚೇರಿಗೆ ತಡವಾಗಿ ಹೋದ ನಮ್ಮ ಕಾಲದ ಮಿತ್ರರು ಇಲ್ಲಿ ಸ್ವಲ್ಪ ನಗಬಹುದು.) ಲಕ್ಕಮ್ಮ ಎಚ್ಚರಿಸಿದ ಮೇಲೆ ಅವಸರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಆಕೆ ಅದನ್ನು ಮೊರಕ್ಕೆ ಸುರಿದುಕೊಳ್ಳುವುದಿಲ್ಲ. ಇದು ನಮ್ಮ ನಿತ್ಯದ ಅಳತೆಯಲ್ಲ, ನಿನ್ನ ಮನಸ್ಸಿನಲ್ಲಿ ಎಲ್ಲಿಯೋ ಆಸೆ ಸೇರಿದೆ, ಹೆಚ್ಚಾದುದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎನ್ನುತ್ತಾಳೆ.

ಈ ಪ್ರಸಂಗವನ್ನು ನಾವು ಶಾಲೆಯ ದಿನಗಳಿಂದ ಅಪರಿಗ್ರಹದ ಕಥೆಯೆಂದು ಕೇಳಿದ್ದೇವೆ. ಅದು ತಪ್ಪಲ್ಲ, ಆದರೆ ಅರ್ಧ. ಇಡೀ ಸನ್ನಿವೇಶವನ್ನು ಗಮನಿಸಬೇಕು. ಆ ಕೂಟದಲ್ಲಿ ಅನ್ನಕ್ಕೆ ಕೊರತೆಯಿಲ್ಲ, ಬಿಜ್ಜಳನ ಭಂಡಾರಿಯ ಮನೆ ಅದು. ಬಂದವರಿಗೆಲ್ಲ ಬಡಿಸುವುದು ಆ ಮನೆಯ ವ್ರತ. ಅಂಥ ಕಡೆ ಒಬ್ಬ ಬಡವಿ ತನಗೆ ಹೆಚ್ಚಿನದು ಬೇಡವೆನ್ನುವುದರಲ್ಲಿ ಬೈರಾಗ್ಯಕ್ಕಿಂತ ಬೇರೊಂದು ಬೇಡಿಕೆ ಇದೆ. ಕೊಡುವ ದೊಡ್ಡ ಮನೆ, ತೆಗೆದುಕೊಳ್ಳುವ ಸಣ್ಣ ಮನೆ ಎಂಬ ಭೇದ ಹುಟ್ಟಬಾರದು. ತನ್ನ ಗುಡಿಸಲಿನಲ್ಲಿ ತಾನೂ ದಾಸೋಹ ಮಾಡುವವಳಾಗಿ ಉಳಿಯಬೇಕು. ಆಕೆ ಕೇಳುತ್ತಿರುವುದು ಸರಿಸಮಾನತೆಯನ್ನು. ಅದು ಅಕ್ಕಿ ಹೆಚ್ಚಾದಷ್ಟೂ ಕಡಮೆಯಾಗುವ ವಸ್ತು. ಗಂಡನಿಗೆ ತತ್ತ್ವ ಹೇಳುವ ಅಧಿಕಾರ ಆಕೆಗೆ ಎಲ್ಲಿಂದ ಬಂತು ಎಂದು ಗ್ರಂಥದಲ್ಲಿ ಒಬ್ಬರೂ ಕೇಳುವುದಿಲ್ಲ ಎಂಬುದೂ ಗಮನಾರ್ಹ. ಮೋಳಿಗೆಯ ಮಾರಯ್ಯನ ಹೆಂಡತಿ ಮಹಾದೇವಿಯೂ ಹೀಗೆಯೇ. ಸೌದೆ ಮಾರಿ ಬದುಕುವ ಮಾರಯ್ಯ ಲಿಂಗದಲ್ಲಿ ಬೆರೆತು ಹೋಗುವ ಆತುರ ತೋರಿಸಿದಾಗ, ಹೋಗಿ ಸೇರಬೇಕಾದ ಬೇರೊಂದು ಜಾಗ ಎಲ್ಲಿದೆ ಎಂದು ಆಕೆ ಅವನನ್ನು ತಡೆಯುತ್ತಾಳೆ. ಒಬ್ಬಳು ಹೆಚ್ಚಿನ ಅಕ್ಕಿಯನ್ನು ಬೇಡವೆಂದಳು, ಇನ್ನೊಬ್ಬಳು ಹೆಚ್ಚಿನ ಮೋಕ್ಷವನ್ನು.

ಹಾಗಾದರೆ ಆ ಜನ ಏನನ್ನು ಹೆಚ್ಚಾಗಿ ಬಯಸಿದರು? ಮರುಳಶಂಕರದೇವನ ಕಥೆಯಲ್ಲಿ ಇದಕ್ಕೊಂದು ಉತ್ತರದ ಸುಳಿವಿದೆ. ಆತ ಹನ್ನೆರಡು ವರ್ಷಗಳ ಕಾಲ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ ಮರುಳನಂತೆ ಬಿದ್ದುಕೊಂಡಿದ್ದ. ನಿತ್ಯ ಸಾವಿರಾರು ಜನ ಓಡಾಡುವ ಅಂಗಳ. ಒಬ್ಬರೂ ಅವನು ಯಾರೆಂದು ಕೇಳಲಿಲ್ಲ. ಹೊರಗಿನಿಂದ ಬಂದ ಅಲ್ಲಮಪ್ರಭು ಅವನನ್ನು ಗುರುತಿಸುತ್ತಾನೆ. ಆಗ ಬಸವಣ್ಣನವರಿಗೂ ಉಳಿದವರಿಗೂ ಆಗುವ ನಾಚಿಕೆಯನ್ನು ಸಂಕಲನಕಾರ ಮುಚ್ಚಿಡುವುದಿಲ್ಲ. ಶೂನ್ಯಸಂಪಾದನೆಯಲ್ಲಿ ನನಗೆ ಅತ್ಯಂತ ಮನಮುಟ್ಟುವ ಭಾಗ ಇದು. ತನ್ನ ಕೂಟವನ್ನು ಕೊಂಡಾಡಲೆಂದೇ ಹೊರಟ ಗ್ರಂಥ, ಆ ಕೂಟದಲ್ಲಿಯೇ ಒಬ್ಬ ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದನೆಂದು ತಾನಾಗಿಯೇ ಒಪ್ಪಿಕೊಳ್ಳುತ್ತದೆ. ಅನ್ನಕ್ಕೆ ಅವನಿಗೆ ಕೊರತೆಯಿರಲಿಲ್ಲ. ಪ್ರಸಾದದ ಬಳಿಯಲ್ಲೇ ಇದ್ದನಲ್ಲ! ಇಲ್ಲದಿದ್ದದ್ದು ಒಂದು ಪ್ರಶ್ನೆ. ಅವನನ್ನು ಉದ್ದೇಶಿಸಿ ಯಾರಾದರೂ ಆಡಬೇಕಾಗಿದ್ದ ಒಂದು ಮಾತು.

ಈ ಎಳೆಯನ್ನು ಹಿಡಿದರೆ ಅಲ್ಲಮನ ಪಾತ್ರವೂ ಬೇರೆಯಾಗಿ ಕಾಣುತ್ತದೆ. ಅವನು ಎಲ್ಲರ ನಂಬಿಕೆಯನ್ನೂ ಕಡಿಯುವ ಖಡ್ಗವೆಂದು ಸಾಮಾನ್ಯವಾಗಿ ಹೇಳುತ್ತೇವೆ. ಕಡಿಯುವುದು ನಿಜ, ಆದರೆ ಅವನು ಯಾರನ್ನೂ ಮಾತಾಡಿಸದೆ ಬಿಡುವುದಿಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುವ ಮುಕ್ತಾಯಕ್ಕನ ಬಳಿ ಹೋಗಿ ಕುಳಿತು ಅವಳ ದುಃಖವನ್ನು ಪ್ರಶ್ನಿಸುತ್ತಾನೆ. ಆಕೆಯೂ ಸುಲಭಕ್ಕೆ ಸೋಲುವವಳಲ್ಲ. ತನ್ನನ್ನು ತಾನರಿತವನಿಗೆ ಇಷ್ಟು ಮಾತೇಕೆ, ನಿನ್ನ ನುಡಿ ಇನ್ನೂ ನಿಂತಿಲ್ಲವಲ್ಲ ಎಂದು ಎದುರು ಹಾಕುತ್ತಾಳೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಕೇಳುವ ಪ್ರಶ್ನೆಗಳು ಇಂದಿನ ಓದುಗರಿಗೆ ಕ್ರೂರವಾಗಿಯೇ ತೋರುತ್ತವೆ. ಬಟ್ಟೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ ಎನ್ನುವಾಗ ಸಭೆ ಮೌನವಾಗಿ ಕುಳಿತಿರುವುದನ್ನು ಊಹಿಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಆದರೆ ಅಷ್ಟು ದೂರ ನಡೆದು ಬಂದ ಹೆಂಗಸಿಗೆ ಬರಿಯ ಆರತಿ ಎತ್ತಿ ಒಂದು ಮೂಲೆಯಲ್ಲಿ ಕೂರಿಸಿದ್ದರೆ ಅವಳಿಗೆ ತನ್ನ ಉತ್ತರವನ್ನು ಹೇಳುವ ಎಡೆ ಸಿಗುತ್ತಿರಲಿಲ್ಲ. ಅವಳು ಕಲ್ಯಾಣಕ್ಕೆ ಬಂದದ್ದು ಆ ಉತ್ತರವನ್ನು ಹೇಳುವುದಕ್ಕಾಗಿ ಎಂದು ಓದಿದವರಿಗೆ ಅನಿಸದಿರದು.

ಇಲ್ಲಿ ಪ್ಲೇಟೋವಿನ ಸಂವಾದಗಳ ನೆನಪಾಗುವುದು ಸಹಜ. ಅಲ್ಲಿಯೂ ಒಬ್ಬ ಪ್ರಶ್ನೆ ಕೇಳುವವನಿದ್ದಾನೆ, ಸುತ್ತ ನೆರೆದ ಗೆಳೆಯರಿದ್ದಾರೆ. ಆದರೆ ಸಾಕ್ರಟೀಸನ ಎದುರಿಗೆ ಕುಳಿತವರು ಎಷ್ಟೋ ಕಡೆ ಹೌದು, ನಿಜ, ಹಾಗೆಯೇ ಎನ್ನುವುದಕ್ಕಷ್ಟೇ ಬಾಯಿ ತೆರೆಯುತ್ತಾರೆ. ಎಲ್ಲರ ಮಾತನ್ನೂ ಬರೆದವನು ಒಬ್ಬನೇ. ಶೂನ್ಯಸಂಪಾದನೆಯ ಸಂಕಲನಕಾರನಿಗೆ ಆ ಅನುಕೂಲವಿರಲಿಲ್ಲ. ಮುಕ್ತಾಯಕ್ಕನ ಮಾತು ಮುಕ್ತಾಯಕ್ಕನ ವಚನವಾಗಿ ಮೊದಲೇ ಇತ್ತು. ಲಕ್ಕಮ್ಮನದು ಲಕ್ಕಮ್ಮನದಾಗಿ ಇತ್ತು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಲಿಂಗ ಕಳಚಿ ಬಿದ್ದರೂ ಕಾಯಕ ಮೊದಲು ಎನ್ನುವ ಹಟವಾದಿ, ತನ್ನ ದನಿಯಲ್ಲಿಯೇ ಮಾತನಾಡಬೇಕಾಗಿತ್ತು. ಅವರ ಬಾಯಲ್ಲಿ ಬರಿಯ ಸಮ್ಮತಿಯನ್ನು ತುರುಕಲು ಬರುತ್ತಿರಲಿಲ್ಲ. ಈ ಗ್ರಂಥದ ನಾಟಕೀಯತೆಯನ್ನು ಸಂಕಲನಕಾರನ ಪ್ರತಿಭೆಯೆಂದು ಹೊಗಳುವವರು, ಅದರಲ್ಲಿ ಅವನ ಕೈಕಟ್ಟಿನ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಕೈಕಟ್ಟು ಸಡಿಲವಾದ ಕಡೆ ಏನಾಗುತ್ತದೆಂಬುದನ್ನು ನಡುವಣ ಗದ್ಯದಲ್ಲಿ ನೋಡಬಹುದು. ಅಲ್ಲಿ ಸಾಷ್ಟಾಂಗಗಳು ಹೆಚ್ಚು, ಸ್ತುತಿ ಹೆಚ್ಚು. ಬಸವಣ್ಣನವರು ಪ್ರಭುವನ್ನು ಹೊಗಳುವುದು, ಪ್ರಭು ಬಸವಣ್ಣನವರನ್ನು ಹೊಗಳುವುದು, ಚೆನ್ನಬಸವಣ್ಣ ಇಬ್ಬರನ್ನೂ ಹೊಗಳುವುದು, ಇದು ಪುಟಗಟ್ಟಲೆ ನಡೆದು ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಇದೇ ಗ್ರಂಥದಲ್ಲಿ, ಅಲ್ಲಮನೂ ಸಿದ್ಧರಾಮನೂ ಬಾಗಿಲಿಗೆ ಬಂದು ನಿಂತಾಗ ಪೂಜೆಯಲ್ಲಿ ಮಗ್ನರಾಗಿದ್ದ ಬಸವಣ್ಣನವರು ಎದ್ದು ಬರದೆ ಹೋದದ್ದನ್ನೂ, ಅದಕ್ಕಾಗಿ ಸೋದರಳಿಯ ಚೆನ್ನಬಸವಣ್ಣನಿಂದಲೇ ಮಾತು ಕೇಳಬೇಕಾದದ್ದನ್ನೂ ಓದಿ ಬಂದವರಿಗೆ ಈ ಹೊಗಳಿಕೆ ಸಪ್ಪೆಯಾಗಿ ತೋರಿದರೆ ಆಶ್ಚರ್ಯವಿಲ್ಲ.

ಒಂದು ಗ್ರಂಥವನ್ನು ನಾಲ್ವರು ಮತ್ತೆ ಮತ್ತೆ ಕಟ್ಟಿದರೆಂದರೆ ಅವರ ಕಾಲದ ಓದುಗರಿಗೆ ಇದ್ದುದು ಸಾಲದಾಗಿತ್ತು ಎಂದೇ ಅರ್ಥ. ಸಾಲದೆ ಹೋದದ್ದು ಯಾವುದು? ಪರಿಷ್ಕರಣಗಳು ಒಂದಕ್ಕೊಂದು ಭಿನ್ನವಾಗುವ ಮುಖ್ಯ ಸ್ಥಾನಗಳಲ್ಲಿ ಸಿದ್ಧರಾಮನ ಇಷ್ಟಲಿಂಗ ದೀಕ್ಷೆ ಒಂದು. ಸೊನ್ನಲಿಗೆಯಲ್ಲಿ ಕೆರೆಯನ್ನೂ ಗುಡಿಗಳನ್ನೂ ಕಟ್ಟಿಸುತ್ತಿದ್ದ ಈ ಕರ್ಮಯೋಗಿಯನ್ನು ಅಲ್ಲಮ ಒಡ್ಡನೆಂದು ಕರೆದು ಕೆಣಕಿದ. ಕೆಲಸದವರು ಕಲ್ಲು ತೂರಿದರು. ಮಾತಿನ ಮೇಲೆ ಮಾತು ಬೆಳೆದು ಕೊನೆಗೆ ಇಬ್ಬರೂ ಕಲ್ಯಾಣಕ್ಕೆ ಬಂದರು. ಈ ಪ್ರಸಂಗದಲ್ಲಿ ನನ್ನ ಮನಸ್ಸು ಪೂರ್ತಿಯಾಗಿ ಅಲ್ಲಮನ ಕಡೆಗಿಲ್ಲವೆಂಬುದನ್ನು ಹೇಳಿಬಿಡುತ್ತೇನೆ. ಸೊಲ್ಲಾಪುರದ ಆ ಕೆರೆಯನ್ನು ಕಂಡವರು ಅದನ್ನು ತೋಡಿಸಿದವನನ್ನು ಅಷ್ಟು ಹಗುರವಾಗಿ ತೆಗೆದುಹಾಕಲಾರರು. ಅದು ಹೇಗೂ ಇರಲಿ. ಸಂವಾದದಿಂದಲೇ ಮಾಗಿದ ಸಿದ್ಧರಾಮನಿಗೆ ವಿಧಿವತ್ತಾದ ದೀಕ್ಷೆ ಆಗಿರಬೇಕೇ ಬೇಡವೇ, ಆದರೆ ಯಾರಿಂದ ಎಂಬುದು ನಂತರದವರಿಗೆ ಬಹು ದೊಡ್ಡ ಪ್ರಶ್ನೆಯಾಯಿತು. ಕಲ್ಯಾಣದ ಕೂಟ ಚದರಿ ಶತಮಾನಗಳಾಗಿದ್ದವು. ಅದರ ಹೆಸರಿನಲ್ಲಿ ಈಗ ಒಂದು ದೊಡ್ಡ ಸಮಾಜ ಇತ್ತು, ಮಠಗಳಿದ್ದವು. ಸಣ್ಣ ಕೂಟಕ್ಕೆ ಪ್ರಶ್ನೆ ಬೇಕಾಗಿದ್ದರೆ ದೊಡ್ಡ ಸಮಾಜಕ್ಕೆ ನಿರ್ಣಯ ಬೇಕಾಗಿತ್ತು. ಸಂಕಲನಕಾರರು ಎರಡಕ್ಕೂ ಎಡೆ ಕೊಡಲು ಹೆಣಗಿದ್ದಾರೆ. ಗ್ರಂಥದ ಏರುಪೇರಿಗೆ ಇದೇ ಕಾರಣವೆಂದು ನಾನು ತಿಳಿಯುತ್ತೇನೆ.

ಇಂದು ಹುಮನಾಬಾದಿನ ಕಡೆಯಿಂದ ಹೆದ್ದಾರಿಯಲ್ಲಿ ಬಂದು ಬಸವಕಲ್ಯಾಣಕ್ಕೆ ತಿರುಗಿದವರಿಗೆ ದೂರದಿಂದಲೇ ಕಾಣುವುದು 108 ಅಡಿಯ ಬಸವಣ್ಣನವರ ವಿಗ್ರಹ. ಊರಿನಲ್ಲಿ ಹಳೆಯ ಕೋಟೆ, ತ್ರಿಪುರಾಂತ ಕೆರೆ, ಅಕ್ಕನಾಗಮ್ಮನ ಗವಿ. ದೂರದಿಂದ ಬಂದ ಶರಣರು ಇಳಿದುಕೊಳ್ಳುತ್ತಿದ್ದರೆಂದು ಹೇಳುವ ಬಂದವರ ಓಣಿ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಕಟ್ಟಿಸಿದ ಅನುಭವ ಮಂಟಪ ಇಲ್ಲಿದೆ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಈ ಸೀಮೆಯ ಕನ್ನಡಿಗರಿಗೆ ಆಗ ಹೆಚ್ಚಾಗಿ ಬೇಕಾಗಿದ್ದದ್ದು ಏನೆಂದು ಕೇಳಿ ತಿಳಿದುಕೊಳ್ಳುವ ಅಗತ್ಯ ಅವರಿಗಿರಲಿಲ್ಲ, ಮಕ್ಕಳ ಮುಖ ನೋಡಿದರೆ ತಿಳಿಯುತ್ತಿತ್ತು. 2021ರ ಜನವರಿಯಲ್ಲಿ ಸರ್ಕಾರ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ಮಾಡಿತು. ನೂರಾರು ಕೋಟಿ ರೂಪಾಯಿಯ ಯೋಜನೆ, 770 ಅಮರಗಣಂಗಳ ಸಂಖ್ಯೆಯನ್ನೂ ಅದರ ಲೆಕ್ಕಾಚಾರದಲ್ಲಿ ಹಿಡಿದಿದ್ದಾರೆ. ಕಟ್ಟಡ ಬೇಡವೆನ್ನುವ ಹಟ ನನಗಿಲ್ಲ. ಹಿಂದುಳಿದ ಜಿಲ್ಲೆಯ ಊರಿಗೆ ನಾಲ್ಕು ಜನ ಬಂದು ಹೋದರೆ ಒಳ್ಳೆಯದೇ.

ಆದರೆ ಬಂದವರ ಕೈಗೆ ಯಾವ ಪುಸ್ತಕವನ್ನು ಕೊಡುತ್ತೇವೆ? ಫ. ಗು. ಹಳಕಟ್ಟಿಯವರು ತಮ್ಮ ಹಣ ಸವೆಸಿ ವಚನಗಳನ್ನು ಅಚ್ಚಿಗೆ ತಂದರು, 1958ರಲ್ಲಿ ಪ್ರೊಫೆಸರ್ ಭೂಸನೂರಮಠರ ಪರಿಷ್ಕರಣ ಬಂತು, ಎಲ್. ಬಸವರಾಜು ಅವರು ಮಹಾದೇವಯ್ಯನ ಪಾಠವನ್ನು ಸಂಪಾದಿಸಿದರು. ಧಾರವಾಡದ ವಿಶ್ವವಿದ್ಯಾಲಯ ಇಂಗ್ಲಿಷಿಗೂ ತಂದಿತು. ಎಲ್ಲವೂ ಪಂಡಿತರ ಕಪಾಟಿಗೆ ತಕ್ಕ ಗಾತ್ರದವು. ಬಸ್ಸಿನಿಂದಿಳಿದು ಕೆರೆಯ ದಂಡೆಯಲ್ಲಿ ಕುಳಿತವನು ಒಂದು ಗಂಟೆಯಲ್ಲಿ ಓದಿ ಮುಗಿಸಬಹುದಾದಂತೆ, ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನಷ್ಟೇ ಒಂದು ಸಣ್ಣ ಪುಸ್ತಿಕೆಯಾಗಿ ಅಚ್ಚು ಮಾಡಬಹುದು. ವಚನ ಯಾರದು, ನಡುವಣ ಗದ್ಯ ಯಾರದು ಎಂಬುದು ಬೇರೆಬೇರೆ ಅಕ್ಷರದಲ್ಲಿ ಕಾಣಬೇಕು. ಕಠಿಣ ಶಬ್ದಗಳಿಗೆ ಪುಟದ ಅಡಿಯಲ್ಲಿಯೇ ಅರ್ಥವಿರಬೇಕು. ಬೆಲೆ ಒಂದು ಚಹಕ್ಕಿಂತ ಹೆಚ್ಚಾಗಬಾರದು. ಎರಡನೆಯ ಪುಸ್ತಿಕೆ ಮರುಳಶಂಕರನದಾಗಲಿ.